ಒಂದು ಉದಾಹರಣೆ ಕೊಡಿ

ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಆ ಅವಧಿಯಲ್ಲಿ ವಿದ್ಯಾರ್ಥಿಗಳ ಬಾಯಿಂದ ಹೆಚ್ಚಾಗಿ ಕೇಳಿದ ಮಾತು ಯಾವುದೆಂದು ಯಾರಾದರೂ ಪ್ರಶ್ನಿಸಿದರೆ, “ಸಾರ್, ಒಂದು ಉದಾಹರಣೆ ಕೊಡಿ” ಎಂಬುದೇ ನನ್ನ ಉತ್ತರ. ಈ ಸಣ್ಣ ಮಾತಿನ ಬೆಲೆ ನನಗೆ ಚೆನ್ನಾಗಿ ಮನದಟ್ಟಾದುದು ಮಾತ್ರ ನಿವೃತ್ತನಾದ ಮೇಲೆ, ನಾನೇ ಮತ್ತೆ ವಿದ್ಯಾರ್ಥಿಯಾಗಿ ಕುಳಿತಾಗ.

ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಒಂದು ದಿನ ಆದೇಶ ಸಂಧಿಯ ಪಾಠ ನಡೆದಿತ್ತು. ಸಂಧಿಯಾಗುವಾಗ ಒಂದು ವ್ಯಂಜನದ ಸ್ಥಾನದಲ್ಲಿ ಮತ್ತೊಂದು ವ್ಯಂಜನ ಬರುವುದೇ ಆದೇಶ ಸಂಧಿ ಎಂದು ಕಪ್ಪು ಹಲಗೆಯ ಮೇಲೆ ಬರೆದು ಎರಡು ಸಲ ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಒಂದು ಉದಾಹರಣೆ ಕೊಡಿ” ಎಂದ. “ಮೊದಲು ವ್ಯಾಖ್ಯೆಯನ್ನು ಬಾಯಿಪಾಠ ಮಾಡು. ಉದಾಹರಣೆಯ ಮಾತು ಆಮೇಲೆ” ಎಂದು ಗದರಿಸಿ ಕೂರಿಸಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಬೇರೆ ಪಾಠ ಆರಂಭವಾಯಿತು. ಪರೀಕ್ಷೆಯಲ್ಲಿ ಆ ಹುಡುಗನ ಉತ್ತರಪತ್ರಿಕೆ ನನ್ನ ಕೈಗೆ ಬಂದಾಗ ನೋಡುತ್ತೇನೆ, ವ್ಯಾಖ್ಯೆಯನ್ನು ಒಂದಕ್ಷರವೂ ತಪ್ಪದಂತೆ ಬರೆದಿದ್ದಾನೆ. ಅದರ ಕೆಳಗೆ ‘ಉದಾಹರಣೆ’ ಎಂದು ಬರೆದು, ಮುಂದಿನ ಸ್ಥಳವನ್ನು ಖಾಲಿ ಬಿಟ್ಟಿದ್ದಾನೆ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುತ್ತದೆ ಎಂಬ ಒಂದು ಮಾತನ್ನು ನಾನು ಹೇಳಿದ್ದರೆ ಆ ಸ್ಥಳ ತುಂಬುತ್ತಿತ್ತು. ಆ ಹುಡುಗ ಮತ್ತೆಂದೂ ತರಗತಿಯಲ್ಲಿ ಎದ್ದು ನಿಂತು ಏನನ್ನೂ ಕೇಳಲಿಲ್ಲ.

ಇದನ್ನು ನಾನು ಬಹುಮಟ್ಟಿಗೆ ಮರೆತಿದ್ದೆ. ನೆನಪಿಗೆ ತಂದುದು ಗಣಕಯಂತ್ರ.

ನಿವೃತ್ತಿಯ ನಂತರ ನನ್ನ ಹಳೆಯ ಲೇಖನಗಳನ್ನೆಲ್ಲ ಗಣಕದಲ್ಲಿ ಬೆರಳಚ್ಚು ಮಾಡಿಡಲು ತೊಡಗಿದೆ. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಈ ಕೆಲಸದಲ್ಲಿ ನನಗೆ ಗುರು. ನಾವು ಸಾಮಾನ್ಯವಾಗಿ ಗಣಕದ ಪರದೆಯ ಮೇಲಿನ ಚಿತ್ರಗಳನ್ನು ಬೆರಳಿನಿಂದಲೋ ಮೌಸಿನಿಂದಲೋ ಮುಟ್ಟಿ ಕೆಲಸ ಮಾಡಿಸುತ್ತೇವೆ. ಇದಕ್ಕಿಂತ ಹಳೆಯದಾದ ಇನ್ನೊಂದು ವಿಧಾನವುಂಟು. ಅದರಲ್ಲಿ ಪರದೆಯ ಮೇಲೆ ಚಿತ್ರಗಳಿರುವುದಿಲ್ಲ. ಒಂದು ಖಾಲಿ ಸಾಲು ಇರುತ್ತದೆ, ಅಷ್ಟೇ. ಅಲ್ಲಿ ಆಜ್ಞೆಯನ್ನು ಪದಗಳಲ್ಲಿ ಬರೆದು ಕೀಲಿಯೊತ್ತಿದರೆ ಗಣಕ ಅದನ್ನು ನೆರವೇರಿಸುತ್ತದೆ. ಇದಕ್ಕೆ ಕಮ್ಯಾಂಡ್ ಲೈನ್, ಎಂದರೆ ಆಜ್ಞೆಯ ಸಾಲು, ಎಂದು ಹೆಸರು. ಹಳೆಯದೆಂದು ಇದನ್ನು ಯಾರೂ ಮೂಲೆಗೆ ತಳ್ಳಿಲ್ಲ. ಸಾವಿರ ಕಡತಗಳ ಹೆಸರನ್ನು ಬದಲಾಯಿಸಬೇಕಾದಾಗ ಸಾವಿರ ಸಲ ಬೆರಳಾಡಿಸುವುದರ ಬದಲು ಒಂದೇ ಸಾಲಿನಲ್ಲಿ ಆಜ್ಞೆ ಕೊಟ್ಟು ಮುಗಿಸಬಹುದು. 2017ರ ನವೆಂಬರಿನಲ್ಲಿ ಪ್ರಕಟವಾದ ಜಗತ್ತಿನ 500 ಅತಿಶಕ್ತ ಗಣಕಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸ್ ಎಂಬ ವ್ಯವಸ್ಥೆಯಿಂದಲೇ ನಡೆಯುತ್ತಿದ್ದವು. ಅಂತಹ ಗಣಕಗಳೊಡನೆ ವ್ಯವಹರಿಸುವವರಿಗೆ ಆಜ್ಞೆಯ ಸಾಲು ದಿನನಿತ್ಯದ ಭಾಷೆ. ಆದುದರಿಂದ ಆ ಭಾಷೆಯನ್ನು ಕಲಿಸುವ ಬಗೆ ಯಾವುದೆಂಬುದು ಸಣ್ಣ ಪ್ರಶ್ನೆಯಲ್ಲ. ಕಲಿಕೆಯ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬುದು ಅದನ್ನು ಅವಲಂಬಿಸಿದೆ.

ಈ ಆಜ್ಞೆಗಳಿಗೆ ಕೈಪಿಡಿ ಇಲ್ಲವೆಂದಲ್ಲ. ಇಂದಿನ ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಳ್ಳತೊಡಗಿತು. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ನಿರ್ಮಾತೃಗಳು. ಅದರ ಮೊದಲ ಕೈಪಿಡಿಯನ್ನು ಅವರಿಬ್ಬರೇ ಬರೆದು 1971ರ ನವೆಂಬರಿನಲ್ಲಿ ಹೊರತಂದರು. ಒಂದೊಂದು ಆಜ್ಞೆಗೆ ಒಂದೊಂದು ಪುಟ. ಮೊದಲು ಆಜ್ಞೆಯ ಹೆಸರು, ಬಳಿಕ ಅದನ್ನು ಬರೆಯಬೇಕಾದ ಕ್ರಮ, ಆಮೇಲೆ ವಿವರಣೆ, ಸಂಬಂಧಿಸಿದ ಇತರ ಆಜ್ಞೆಗಳ ಸೂಚನೆ. ಜೊತೆಗೆ ಆ ಆಜ್ಞೆಯಲ್ಲಿರುವ ದೋಷಗಳು. ತಾವು ಮಾಡಿದ ವಸ್ತುವಿನ ದೋಷಗಳನ್ನು ತಾವೇ ಬರೆದು ಓದುಗನ ಮುಂದಿಟ್ಟ ಆ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಮ್ಯಾನ್ ಎಂಬ ಆಜ್ಞೆಯ ಮೂಲಕ ಇಂದಿಗೂ ಗಣಕದಲ್ಲೇ ಇಂತಹ ಪುಟಗಳನ್ನು ಓದಬಹುದು.

ಆದರೆ ಈ ಪುಟಗಳಲ್ಲಿ ಹೊಸಬನಿಗೆ ಮೊದಲು ಬೇಕಾದ ವಸ್ತುವೇ ಸಿಗುವುದು ಕಷ್ಟ. ಅನೇಕ ಪುಟಗಳಲ್ಲಿ ಉದಾಹರಣೆಗಳೇ ಇಲ್ಲ. ಇದ್ದರೂ ಬಹುಮಟ್ಟಿಗೆ ಅವು ಕೊನೆಯಲ್ಲಿವೆ. ಇದಕ್ಕೆ ಆ ಲೇಖಕರನ್ನು ದೂರಲಾಗದು. 1971ರಲ್ಲಿ ಆ ಕೈಪಿಡಿಯ ಓದುಗರು ಯಾರು? ಅದೇ ಪ್ರಯೋಗಾಲಯದ ಸಹೋದ್ಯೋಗಿಗಳು. ಓದಿ ತಿಳಿಯದಿದ್ದರೆ ಬರೆದವರನ್ನೇ ಕಂಡು ಕೇಳಬಹುದಾಗಿತ್ತು. ಪುಟದಲ್ಲಿಲ್ಲದ ಉದಾಹರಣೆ ಪಕ್ಕದ ಕೊಠಡಿಯಲ್ಲಿತ್ತು.

ಕಾಲ ಸರಿದಂತೆ ಓದುಗರು ಬದಲಾದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಎಲ್ಲರೂ ಬಳಸಿ, ತಿದ್ದಿ, ಹಂಚಿಕೊಳ್ಳಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. ಅದೇ ಗ್ನು ಯೋಜನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಹೀಗೆ ಒಂದು ಪ್ರಯೋಗಾಲಯದ ಸೊತ್ತಾಗಿದ್ದ ವಿದ್ಯೆ ಬೀದಿಬೀದಿಗೆ ಬಂದಿತು. ಆದರೆ ಕೈಪಿಡಿಯ ರೀತಿ ಹಾಗೆಯೇ ಉಳಿಯಿತು. ಅಷ್ಟೇ ಅಲ್ಲ, ಆಜ್ಞೆಗಳಿಗೆ ಹೊಸ ಹೊಸ ಶಕ್ತಿಗಳು ಸೇರಿದಂತೆ ಪುಟಗಳು ಬೆಳೆದವು. ಬ್ಯಾಶ್ ಎಂಬುದೊಂದರ ಕೈಪಿಡಿಯೇ ಇಂದು ಹಲವು ಸಾವಿರ ಸಾಲುಗಳಷ್ಟಿದೆ. ಓದಿ ದಿಕ್ಕು ತೋಚದೆ ಹೊಸಬನು ಬಲ್ಲವರನ್ನು ಕೇಳಿದರೆ, “ಹೋಗಿ ಕೈಪಿಡಿ ಓದು” ಎಂಬ ಬಿರುಸಾದ ಉತ್ತರ ಕೊಡುವುದು ಆ ವಲಯದಲ್ಲಿ ರೂಢಿಯೇ ಆಗಿಹೋಗಿತ್ತು. ನಾನು ಆ ಹುಡುಗನಿಗೆ ಹೇಳಿದುದೂ ಇದೇ ಮಾತಲ್ಲವೆ?

ನನ್ನ ಸರದಿಯೂ ಬಂದಿತು. ಲೇಖನಗಳ ಕಡತಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ಸ್ನೇಹಿತರೊಬ್ಬರಿಗೆ ಕಳುಹಿಸಬೇಕಾಗಿತ್ತು. ಅದಕ್ಕೆ ಟಾರ್ ಎಂಬ ಆಜ್ಞೆಯಿದೆ ಎಂದು ಮೊಮ್ಮಗಳು ತಿಳಿಸಿದ್ದಳು. ಅದರ ಕೈಪಿಡಿಯನ್ನು ತೆರೆದೆ. ಪುಟದ ತುಂಬ ಒಂಟಿ ಅಕ್ಷರಗಳು. ಒಂದೊಂದಕ್ಕೂ ಒಂದೊಂದು ಅರ್ಥ. ನನಗೆ ಯಾವುದು ಬೇಕು, ಯಾವುದು ಬೇಡ ಎಂಬುದೇ ತಿಳಿಯಲಿಲ್ಲ. ಅರ್ಧ ಗಂಟೆ ಹೆಣಗಿ ಕೈಚೆಲ್ಲಿದೆ. ಈ ಕಷ್ಟ ನನ್ನೊಬ್ಬನದೇ ಅಲ್ಲವೆಂದು ಅನಂತರ ತಿಳಿದು ಸಮಾಧಾನವಾಯಿತು. ಅಮೆರಿಕದ ರ್‍ಯಾಂಡಲ್ ಮನ್ರೋ 2013ರಲ್ಲಿ ಇದರ ಮೇಲೆಯೇ ಒಂದು ವ್ಯಂಗ್ಯಚಿತ್ರ ಬರೆದಿದ್ದಾರೆ. ಅದರಲ್ಲಿ, ಸಿಡಿಯಲಿರುವ ಬಾಂಬನ್ನು ತಡೆಯಬೇಕಾದರೆ ಹತ್ತು ಸೆಕೆಂಡಿನೊಳಗೆ ಮೊದಲ ಯತ್ನದಲ್ಲಿಯೇ ಟಾರ್ ಆಜ್ಞೆಯನ್ನು ತಪ್ಪಿಲ್ಲದೆ ಬರೆಯಬೇಕು. ಯೂನಿಕ್ಸ್ ಬಲ್ಲವನನ್ನು ಕರೆತಂದರೂ ಅವನಿಂದ ಸಾಧ್ಯವಾಗುವುದಿಲ್ಲ!

ನನ್ನ ಪಾಡನ್ನು ಕಂಡು ಮೊಮ್ಮಗಳು, “ತಾತ, ನೀವು ಮೊದಲು ಇದನ್ನು ನೋಡಿ” ಎಂದು ಇನ್ನೊಂದು ಪುಟವನ್ನು ತೆರೆದು ತೋರಿಸಿದಳು. ಅದರ ಹೆಸರು ಟಿಎಲ್‌ಡಿಆರ್. ‘ತುಂಬ ಉದ್ದವಾಯಿತು, ಓದಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳಂತೆ ಅವು. 2013ರಲ್ಲಿ ಆರಂಭವಾದ ಈ ಕಾರ್ಯ ನಾನಾ ದೇಶಗಳ ಸ್ವಯಂಸೇವಕರ ದುಡಿಮೆಯಿಂದ ಬೆಳೆದುಬಂದಿದೆ. ಇಲ್ಲಿಯೂ ಒಂದು ಆಜ್ಞೆಗೆ ಒಂದು ಪುಟ. ಆಜ್ಞೆ ಯಾವ ಕೆಲಸಕ್ಕೆಂದು ತಲೆಯಲ್ಲಿ ಒಂದೆರಡು ಸಾಲು. ಪೂರ್ಣ ವಿವರ ಎಲ್ಲಿದೆ ಎಂಬ ಸೂಚನೆ. ಅದರ ಕೆಳಗೆ ಬರಿಯ ಉದಾಹರಣೆಗಳು, ಹೆಚ್ಚೆಂದರೆ ಎಂಟು. ಪ್ರತಿಯೊಂದು ಉದಾಹರಣೆಗೂ ‘ಇಂತಹ ಕೆಲಸ ಮಾಡಲು’ ಎಂಬಂತಹ ಒಂದು ಸರಳ ವಾಕ್ಯ, ಅದರ ಕೆಳಗೆ ಬರೆಯಬೇಕಾದ ಆಜ್ಞೆ. ಅದರಲ್ಲಿ ನಮ್ಮ ಕಡತದ ಹೆಸರನ್ನು ಎಲ್ಲಿ ಸೇರಿಸಬೇಕೋ ಆ ಭಾಗ ಬೇರೆಯಾಗಿ ಕಾಣುವಂತೆ ಗುರುತಿಸಿರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಸುಲಭ ಬಳಕೆ ಮೊದಲು, ತೊಡಕಿನದು ಅನಂತರ. ಐದು ನಿಮಿಷದಲ್ಲಿ ನನ್ನ ಗಂಟು ಸಿದ್ಧವಾಯಿತು. ನಾಲ್ಕಾರು ಸಾಲುಗಳನ್ನು ಓದಿ, ಆ ಯಂತ್ರದೊಡನೆ ಮಾತನಾಡಬಲ್ಲೆನೆಂಬ ಧೈರ್ಯ ನನಗೆ ಬಂದಿತು.

ಇಂತಹ ಪುಟಗಳನ್ನು ಹಳಿಯುವವರೂ ಇದ್ದಾರೆ. ಇವು ಸೋಮಾರಿಗಳ ಮಾರ್ಗ, ಅರ್ಥ ತಿಳಿಯದೆ ನಕಲು ಮಾಡುವುದನ್ನು ಕಲಿಸುತ್ತವೆ, ಕಷ್ಟಪಟ್ಟು ಮೂಲವನ್ನು ಓದಿದವನಿಗೇ ನಿಜವಾದ ಜ್ಞಾನ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕುವ ಮುನ್ನ ನನ್ನದೇ ಒಂದು ಅನುಭವವನ್ನು ಮರೆಮಾಚದೆ ಹೇಳಬೇಕು.

ಗಂಟು ಕಟ್ಟಿದ ಕೆಲವು ವಾರಗಳ ನಂತರ ಮತ್ತೆ ಅದೇ ಕೆಲಸ ಬಂದಿತು. ‘ಹೇಗೂ ಗೊತ್ತಿದೆಯಲ್ಲ’ ಎಂದು ಪುಟವನ್ನು ನೋಡದೆ ನೆನಪಿನಿಂದಲೇ ಆಜ್ಞೆಯನ್ನು ಬರೆದೆ. ಕಡತಗಳನ್ನು ನಕಲು ಮಾಡುವ ಸಿಪಿ ಎಂಬ ಆಜ್ಞೆಯಲ್ಲಿ ಮೂಲ ಕಡತದ ಹೆಸರು ಮೊದಲು, ಹೊಸ ಕಡತದ ಹೆಸರು ಕೊನೆಯಲ್ಲಿ ಬರುತ್ತದೆ. ಟಾರಿನಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸಿ ಲೇಖನಗಳ ಹೆಸರುಗಳನ್ನು ಮೊದಲು ಬರೆದು, ಗಂಟಿನ ಹೆಸರನ್ನು ಕೊನೆಗಿಟ್ಟೆ. ಟಾರಿನ ಕ್ರಮ ಇದಕ್ಕೆ ವಿರುದ್ಧ. ‘ಎಫ್’ ಎಂಬ ಅಕ್ಷರದ ಮುಂದೆ ಬರುವ ಮೊದಲ ಹೆಸರೇ ಗಂಟಿನ ಹೆಸರು. ನಾನು ಅಲ್ಲಿ ‘ಮಳೆಗಾಲ’ ಎಂಬ ನನ್ನ ಲೇಖನದ ಹೆಸರನ್ನು ಬರೆದಿದ್ದೆ. ಗಣಕ ಆ ಲೇಖನವನ್ನು ಅಳಿಸಿ, ಅದರ ಜಾಗದಲ್ಲಿ ಉಳಿದ ಲೇಖನಗಳ ಗಂಟನ್ನು ಕಟ್ಟಿ ಇಟ್ಟಿತು. ‘ನಿಜವಾಗಿಯೂ ಅಳಿಸಲೇ?’ ಎಂದು ಕೇಳಲೂ ಇಲ್ಲ. ಕೈಬರಹದ ಪ್ರತಿ ಪೆಟ್ಟಿಗೆಯಲ್ಲಿದ್ದುದರಿಂದ ಎರಡು ದಿನ ಕುಳಿತು ಮತ್ತೆ ಬೆರಳಚ್ಚು ಮಾಡಿದೆ. ಕಾಗದದ ಪ್ರತಿ ಇಲ್ಲದಿದ್ದರೆ ಆ ಲೇಖನ ಅಂದಿಗೆ ಮುಗಿದುಹೋಗುತ್ತಿತ್ತು.

ಮಾತು ಕಲಿಯುವ ಮಗು ‘ಮಾಡಿದ’, ‘ಹಾಡಿದ’ ಎಂಬ ಪದಗಳನ್ನು ಕೇಳಿ, ಅದೇ ಜಾಡಿನಲ್ಲಿ ‘ಕೊಡಿದ’ ಎನ್ನುತ್ತದೆ. ನಾವು ನಕ್ಕು ‘ಕೊಟ್ಟ’ ಎಂದು ತಿದ್ದುತ್ತೇವೆ. ನಾನು ಮಾಡಿದುದೂ ಮಗುವಿನ ತಪ್ಪೇ. ಆದರೆ ಗಣಕ ನಗುವುದಿಲ್ಲ, ತಿದ್ದುವುದೂ ಇಲ್ಲ. ಹೇಳಿದುದನ್ನು ಮಾಡಿ ಮುಗಿಸುತ್ತದೆ.

ಆ ಸಂಜೆ ನಾನು ಮತ್ತೆ ಟಾರಿನ ಪೂರ್ಣ ಕೈಪಿಡಿಯನ್ನು ತೆರೆದೆ. ಆಶ್ಚರ್ಯವೆಂದರೆ, ಮೊದಲು ಕಾಡಿನಂತಿದ್ದ ಆ ಪುಟದಲ್ಲಿ ಈಗ ದಾರಿ ಕಾಣಿಸಿತು. ನಾನು ಒಮ್ಮೆ ಬಳಸಿದ್ದ ಅಕ್ಷರಗಳು ಪರಿಚಿತರಂತೆ ಎದುರಾದವು. ‘ಸಿ’ ಎಂದರೆ ಹೊಸ ಗಂಟನ್ನು ಕಟ್ಟು, ‘ಎಕ್ಸ್’ ಎಂದರೆ ಗಂಟನ್ನು ಬಿಚ್ಚು, ‘ಟಿ’ ಎಂದರೆ ಗಂಟಿನೊಳಗೆ ಏನಿದೆಯೆಂದು ಪಟ್ಟಿ ತೋರಿಸು. ‘ಎಫ್’ ಬಂದ ಕಾರಣವನ್ನು ತಿಳಿದಾಗಲಂತೂ ಬಹಳ ಸಂತೋಷವಾಯಿತು. ಟಾರ್ ಎಂಬ ಹೆಸರು ಟೇಪ್ ಆರ್ಕೈವ್ ಎಂಬುದರ ಸಂಕ್ಷೇಪ. 1979ರ ಯೂನಿಕ್ಸಿನಲ್ಲಿ ಈ ಆಜ್ಞೆ ಬಂದಾಗ ಕಡತಗಳನ್ನು ಕಾಂತೀಯ ಟೇಪುಗಳ ಮೇಲೆ ತುಂಬಿಡುವುದೇ ಅದರ ಕೆಲಸ. ಬೇರೇನೂ ಹೇಳದಿದ್ದರೆ ಅದು ಟೇಪಿನ ಮೇಲೆಯೇ ಬರೆಯುತ್ತಿತ್ತು. ಟೇಪಿನ ಬದಲು ಇಂತಹ ಹೆಸರಿನ ಕಡತದಲ್ಲಿ ಬರೆ ಎಂದು ತಿಳಿಸಲು ‘ಎಫ್’ ಬೇಕಾಯಿತು. ಆದುದರಿಂದಲೇ ಗಂಟಿನ ಹೆಸರು ಆ ಅಕ್ಷರದ ಬೆನ್ನಿಗೇ ಬರಬೇಕು. ಈ ಕಾರಣವನ್ನು ಅರಿತ ಮೇಲೆ ನಾನು ಆ ಕ್ರಮವನ್ನು ಒಮ್ಮೆಯೂ ತಪ್ಪಿಲ್ಲ. ಉದಾಹರಣೆ ನನ್ನನ್ನು ಒಳಗೆ ಕರೆದುಕೊಂಡಿತು. ಕಾರಣದ ತಿಳಿವು ನನ್ನನ್ನು ಕಾಪಾಡಿತು.

ಹಾಗಾದರೆ ಹಳಿಯುವವರ ವಾದ ಸರಿಯೆ? ಅವರ ಎಚ್ಚರಿಕೆ ಸರಿ, ಅವರು ಹೇಳುವ ಕ್ರಮ ಸರಿಯಲ್ಲ. ಪೂರ್ಣ ಕೈಪಿಡಿ ನನಗೆ ಅರ್ಥವಾದುದು ಉದಾಹರಣೆಯ ನಂತರವೇ ಹೊರತು ಅದಕ್ಕೆ ಮೊದಲಲ್ಲ. ಉದಾಹರಣೆ ಸಿಗದಿದ್ದರೆ ನಾನು ಮೊದಲ ದಿನವೇ ಕೈಪಿಡಿಯನ್ನು ಮುಚ್ಚಿ ಎದ್ದುಹೋಗುತ್ತಿದ್ದೆ. ಹಾಗೆ ಎದ್ದುಹೋದವರು ಎಷ್ಟು ಮಂದಿಯೋ! ಎದ್ದುಹೋದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದುದರಿಂದಲೇ ಕಠಿಣ ಮಾರ್ಗವನ್ನು ಹೊಗಳುವುದು ಸುಲಭವಾಗಿದೆ.

ಇದು ಹೊಸ ಪ್ರಶ್ನೆಯೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಹಳಗನ್ನಡಕ್ಕೆ ವ್ಯಾಕರಣ ಬರೆಯುವಾಗ ಇದನ್ನು ಎದುರಿಸಿದ್ದನು. ಆತನ ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದ ರೂಪದಲ್ಲಿ ಸೂತ್ರವಿದೆ. ಅದನ್ನು ಬಿಡಿಸಿ ಹೇಳುವ ವೃತ್ತಿಯಿದೆ. ಅನಂತರ ಕವಿಗಳ ಬರಹದಿಂದ ಆಯ್ದ ಪ್ರಯೋಗಗಳಿವೆ. ಪ್ರಯೋಗವೆಂದರೆ ಉದಾಹರಣೆಯೇ. ನಿಯಮವನ್ನು ಹೇಳಿದರೆ ಸಾಲದು, ಅದು ಭಾಷೆಯಲ್ಲಿ ಹೇಗೆ ಬಾಳುತ್ತಿದೆ ಎಂಬುದನ್ನು ತೋರಿಸಬೇಕೆಂಬುದನ್ನು ಆ ವಿದ್ವಾಂಸ ಬಲ್ಲ. ಇಷ್ಟೇ ಅಲ್ಲ, ಯೂನಿಕ್ಸಿನ ಮಿತಭಾಷೆಯ ಕೈಪಿಡಿಯನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಡೆನಿಸ್ ರಿಚಿಯವರೇ 1978ರಲ್ಲಿ ಬ್ರಯಾನ್ ಕರ್ನಿಘನ್ನರೊಡನೆ ಸಿ ಭಾಷೆಯನ್ನು ಕುರಿತ ಗ್ರಂಥವನ್ನು ರಚಿಸಿದರು. ಅದರ ಮೊದಲ ಅಧ್ಯಾಯದ ಪಾಠ ತೊಡಗುವುದು, ಜಗತ್ತಿಗೆ ನಮಸ್ಕಾರ ಹೇಳುವ ಒಂದು ಪುಟ್ಟ ಕ್ರಮವಿಧಿಯ ಉದಾಹರಣೆಯಿಂದ. ಹೊಸಬರಿಗೆಂದು ಬರೆಯಲು ಕುಳಿತಾಗ ಅವರೂ ಉದಾಹರಣೆಯನ್ನೇ ಮುಂದಿಟ್ಟರು.

ಉದಾಹರಣೆ ಬರೆಯುವುದು ಪಂಡಿತರಿಗೆ ಕೀಳಾದ ಕೆಲಸವೆಂಬ ಭಾವನೆಯೂ ಕೆಲವರಲ್ಲಿದೆ. ನನ್ನ ಮಟ್ಟಿಗೆ ಅದು ಕಷ್ಟದ ಕೆಲಸ. ನೂರು ಬಳಕೆಗಳಿರುವ ಆಜ್ಞೆಯಿಂದ ಎಂಟನ್ನು ಮಾತ್ರ ಆರಿಸಬೇಕಾದರೆ ಆಜ್ಞೆಯನ್ನೂ ಬಲ್ಲವನಾಗಿರಬೇಕು, ಓದುಗನ ಕಷ್ಟವನ್ನೂ ಬಲ್ಲವನಾಗಿರಬೇಕು. ಏನನ್ನು ಬಿಡಬೇಕು ಎಂಬ ವಿವೇಕ ಬೇಕು. ಒಳ್ಳೆಯ ಉದಾಹರಣೆ ನಿಯಮದ ಕಡೆಗೆ ಕೈ ತೋರಿಸುತ್ತಲೂ ಇರಬೇಕು. ಟಿಎಲ್‌ಡಿಆರ್ ಪುಟಗಳಲ್ಲಿ ಒಂದು ಅಕ್ಷರ ಯಾವ ಪದದಿಂದ ಬಂದುದೆಂಬುದನ್ನು ವಿವರಣೆಯ ವಾಕ್ಯದಲ್ಲಿಯೇ ಗುರುತು ಮಾಡಿ ತೋರಿಸುವುದುಂಟು. ಪುಟಗಳಲ್ಲಿ ಹೆಚ್ಚಿನ ವಿವರಕ್ಕೆ ದಾರಿ ತೋರಿಸಿರುವುದೂ ಇದೇ ಉದ್ದೇಶದಿಂದ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದೊಡನೆ ಆಜ್ಞೆಯನ್ನು ಬರೆದುಕೊಡುತ್ತವೆ. ಅವು ಕೊಟ್ಟುದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ತಿಳಿವು ನಮ್ಮಲ್ಲಿರಬೇಕಾದುದು ಈಗ ಮೊದಲಿಗಿಂತಲೂ ಅಗತ್ಯ.

ಇನ್ನೊಂದು ಮಾತು. ಕೈಪಿಡಿಯ ಇಂಗ್ಲಿಷಿನ ಬಿಗಿಯಾದ ವಾಕ್ಯಗಳು ನಮ್ಮ ಹಳ್ಳಿಯ ವಿದ್ಯಾರ್ಥಿಗೆ ಎರಡು ಬೀಗಗಳು. ಒಂದು ವಿಷಯದ್ದು, ಇನ್ನೊಂದು ಭಾಷೆಯದು. ಎಂಟು ಸರಳ ವಾಕ್ಯಗಳನ್ನಾದರೆ ಯಾರಾದರೂ ತಮ್ಮ ಭಾಷೆಗೆ ತರಬಹುದು. ಹಿಂದಿ, ತಮಿಳು, ಬಂಗಾಳಿ ಮೊದಲಾದ ನಮ್ಮ ದೇಶದ ಭಾಷೆಗಳಿಗೆ ಈ ಪುಟಗಳಲ್ಲಿ ಕೆಲವು ಬಂದಿವೆ. ಕನ್ನಡದ ಮಕ್ಕಳಿಗೂ ಈ ಕೆಲಸ ಕೈಗೆಟಕದುದಲ್ಲ.

ಆದುದರಿಂದ ವಿದ್ಯಾರ್ಥಿಗಳಾದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಿಳಿಯದಿದ್ದಾಗ ಉದಾಹರಣೆಯನ್ನು ಕೇಳಲು ನಾಚಬೇಡಿ. ಉದಾಹರಣೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ, ಅದು ಏಕೆ ಹಾಗಿದೆ ಎಂಬುದನ್ನು ಮೂಲಕ್ಕೆ ಹೋಗಿ ತಿಳಿಯಿರಿ. ಅಳಿಸುವ, ಬದಲಾಯಿಸುವ ಆಜ್ಞೆಯನ್ನು ಕೊಡುವ ಮುನ್ನ ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ. ಕೊನೆಯದಾಗಿ, ಇಂದು ನೀವು ಕಲಿತುದನ್ನು ನಿಮ್ಮ ಹಿಂದೆ ಬರುವವನಿಗಾಗಿ ಒಂದು ಸಾಲಿನ ಉದಾಹರಣೆಯಾಗಿ ಕನ್ನಡದಲ್ಲಿ ಬರೆದಿಡಿ. ದಾರಿಯ ಕಲ್ಲು ಎಲ್ಲಿದೆ ಎಂಬುದು ನೆನ್ನೆ ಎಡವಿದವನಿಗೆ ತಿಳಿದಷ್ಟು ಚೆನ್ನಾಗಿ ಬಹುಕಾಲ ನಡೆದವನಿಗೆ ತಿಳಿಯದು.

ಆ ಹುಡುಗ ಈಗ ಐವತ್ತರ ಸಮೀಪದವನಾಗಿರಬೇಕು. ಎಲ್ಲಿದ್ದಾನೋ ನಾನರಿಯೆ. ಅವನ ಉತ್ತರಪತ್ರಿಕೆಯ ಖಾಲಿ ಸ್ಥಳಕ್ಕೆ ಅಂದು ನಾನು ಸೊನ್ನೆ ಹಾಕಿದ್ದೆ. ಆ ಸೊನ್ನೆ ಅವನಿಗೆ ಸಲ್ಲಬೇಕಾದುದಲ್ಲ, ನನಗೆ ಸಲ್ಲಬೇಕಾದುದು.